ಅಡ್ಡ ಬಂದವಳು

"ಗುರುಗಳೇ, ಓಡುತ್ತಿರುವ ವಾಹನಕ್ಕೆ ಯಾರೋ ಅಡ್ಡ ಬಂದು ಪೆಟ್ಟು ಮಾಡಿಕೊಂಡರೆ ಆ ದೋಷ ಯಾರಿಗೆ ಸೇರುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಪ್ರತಿ ಸೋಮವಾರ ಮಠಕ್ಕೆ ಬರುವವನು. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ. ಪ್ರಶ್ನೆಯನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬರುತ್ತಿದ್ದ, ಉತ್ತರ ಕೇಳಿ ಕೈಮುಗಿದು ಹೋಗುತ್ತಿದ್ದ. ಕಾರನ್ನು ಯಾವಾಗಲೂ ಹೆಬ್ಬಾಗಿಲ ಎದುರಿಗೇ ನಿಲ್ಲಿಸುತ್ತಿದ್ದವನು ಆ ದಿನ ಹುಣಸೆಮರದ ಆಚೆ, ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದ.

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಕೈ ನಿಂತಿತು.

"ದೋಷದ ಮಾತು ಆಮೇಲೆ. ಈ 'ಅಡ್ಡ' ಅನ್ನುವ ಮಾತು ನಿನಗೆ ಎಲ್ಲಿ ಸಿಕ್ಕಿತು?"

"ಎಲ್ಲರೂ ಅನ್ನುವ ಮಾತಲ್ಲವೇ, ಗುರುಗಳೇ."

"ಹೌದು, ಎಲ್ಲರೂ ಅನ್ನುತ್ತಾರೆ. ಹಾಗೆ ಎಲ್ಲರೂ ಅಂದದ್ದರಿಂದಲೇ ಒಬ್ಬ ಹೆಂಗಸಿನ ಒಂದೇ ಕಾಲು ಎರಡು ಸಲ ಮುರಿಯಿತು. ಕೇಳು."

ಸಿಟ್ಟು ಬಂದರೆ ಗುರುಗಳ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಆ ದಿನ ಅದು ಬಹಳ ಇಳಿದಿತ್ತು. ಶಿಷ್ಯ ಹತ್ತಿರಕ್ಕೆ ಸರಿದು ಕೂತ. ಗುರುಗಳು ಹೇಳತೊಡಗಿದರು.

ಒಂದು ಪೇಟೆ. ಆ ಪೇಟೆಯಲ್ಲಿ ಒಂದು ನ್ಯಾಯಸ್ಥಾನ. ಅದರ ಎದುರಿನ ಹೊಂಗೆಮರದ ಕೆಳಗೆ ಒಬ್ಬ ಬರಹಗಾರ ಕೂರುತ್ತಿದ್ದ. ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು ಅವನ ಕಸುಬು. ಅವನ ತಂದೆಯೂ ಅದೇ ಮರದ ಕೆಳಗೆ ಅದೇ ಕಸುಬು ಮಾಡಿ ಕಣ್ಣು ಮುಚ್ಚಿದ್ದ.

ಬರಹಗಾರ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ಅತಿ ಕೆಟ್ಟ ಕೆಲಸ ಮಾಡಿದವನು ಅವನೇ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಅಧಿಕಾರಿಗಳು ಅವನ ಕಾಗದ ಕಂಡರೆ ಸಾಕು, ಮುಖ ಗಂಟಿಕ್ಕದೆ ಓದುತ್ತಿದ್ದರು. ಅದರ ಹೆಮ್ಮೆಯೂ ಅವನಿಗೆ ಇತ್ತು.

ತಂದೆ ಅವನಿಗೆ ಆಸ್ತಿ ಬಿಟ್ಟಿರಲಿಲ್ಲ, ಸಾಲುಗಳನ್ನು ಬಿಟ್ಟುಹೋಗಿದ್ದ. ಕಳವಾದರೆ ಬರೆಯಬೇಕಾದ ಸಾಲು ಒಂದು. ಹೊಲದ ಬದು ಒತ್ತಿದರೆ ಬರೆಯಬೇಕಾದ ಸಾಲು ಒಂದು. ಗಂಡ ಬಿಟ್ಟು ಹೋದರೆ ಇನ್ನೊಂದು. ಯಾರ ಮೇಲಾದರೂ ಬಂಡಿ ಹಾಯ್ದು ಗಾಯವಾದರೆ ಅದಕ್ಕೂ ಒಂದು ಸಾಲು ಇತ್ತು: 'ಬಂಡಿಗೆ ಅಡ್ಡ ಬಂದ ಕಾರಣ ಪೆಟ್ಟಾಗಿ.' ಬರಹಗಾರ ಈ ಸಾಲುಗಳನ್ನು ಬಾಯಿಪಾಠ ಮಾಡಿದ್ದ. ಅವನ ಕೈ ಬರೆಯುತ್ತಾ ಹೋಗುತ್ತಿತ್ತು, ತಲೆ ಮಧ್ಯಾಹ್ನದ ಊಟ ಏನಿರಬಹುದು ಎಂದು ಯೋಚಿಸುತ್ತಿತ್ತು.

ಆ ಪೇಟೆಗೆ ಮೇಲಿನಿಂದ ಇಳಿಯುವ ಒಂದು ಬೀದಿ. ನೆಲಕ್ಕೆ ಕಲ್ಲು ಚಪ್ಪಡಿ ಹಾಸಿದ್ದರು. ಒಂದು ಪಕ್ಕದಲ್ಲಿ ಧಾನ್ಯದ ಉಗ್ರಾಣದ ಉದ್ದನೆಯ ಕಲ್ಲುಗೋಡೆ. ಬಂಡಿಗಳು ಬೀದಿಯ ನಡುವೆ ಹೋಗಬೇಕು, ನಡೆಯುವವರು ಗೋಡೆಯ ಪಕ್ಕ ಹೋಗಬೇಕು. ಅದು ಆ ಪೇಟೆಯ ಪದ್ಧತಿ.

ಒಬ್ಬ ಸುಣ್ಣ ಮಾರುವವಳು ದಿನಾ ಬೆಳಿಗ್ಗೆ ಆ ಗೋಡೆಯ ಪಕ್ಕದಲ್ಲಿ ಇಳಿದು ಬರುತ್ತಿದ್ದಳು. ಬೀದಿಯ ಮೇಲ್ತುದಿಯಲ್ಲಿ ಸುಣ್ಣದ ಗೂಡು. ಅಲ್ಲಿ ಸುಟ್ಟ ಸುಣ್ಣದ ಹರಳನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಗೋಡೆಗೆ ಬಳಿಯುವವರಿಗೂ ಎಲೆ ಅಡಿಕೆ ಹಾಕುವವರಿಗೂ ಮಾರುತ್ತಿದ್ದಳು. ಗಂಡ ಸತ್ತಿದ್ದ. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ಎರಡು ಕಾಲಿನ ಮೇಲೆ.

ಅದೇ ಪೇಟೆಯ ಒಬ್ಬ ವರ್ತಕ ಹೊಸ ಕುದುರೆ ತಂದ. ಬಂಡಿಗೆ ಹೂಡಿ ತಾನೇ ಲಗಾಮು ಹಿಡಿದ. ಕುದುರೆ ಚೆನ್ನಾಗಿತ್ತು. ಅದು ಚೆನ್ನಾಗಿದೆ ಎಂದು ನಾಲ್ಕು ಜನ ನೋಡಬೇಕಲ್ಲ, ಅದಕ್ಕಾಗಿ ಆ ದಿನ ಬೆಳಿಗ್ಗೆ ಜನ ಇರುವ ಬೀದಿಯಲ್ಲೇ ಓಡಿಸಿದ. ತಿರುವಿನಲ್ಲಿ ಒಬ್ಬ ದರ್ಜಿಯ ಅಂಗಡಿ ಇತ್ತು. ವರ್ತಕ ತಿರುವಿನಲ್ಲಿ ವೇಗ ಇಳಿಸಲಿಲ್ಲ. ಬಂಡಿ ಗೋಡೆಯ ಕಡೆಗೆ ವಾಲಿತು.

ಸುಣ್ಣ ಮಾರುವವಳು ಮುಂದೆ ಹೋಗುತ್ತಿದ್ದಳು. ಅವಳ ಬೆನ್ನು ಬಂಡಿಯ ಕಡೆಗಿತ್ತು. ಬೆನ್ನಿಗೆ ಕಣ್ಣಿರುವುದಿಲ್ಲ. ಕುದುರೆಯ ಭುಜ ತಗುಲಿ ಅವಳು ಮುಂದಕ್ಕೆ ಬಿದ್ದಳು, ಬುಟ್ಟಿ ಇನ್ನೂ ಮುಂದಕ್ಕೆ ಬಿತ್ತು. ಗಾಲಿ ಮೊದಲು ಅವಳ ಬಲಗಾಲಿನ ಮೇಲೆ, ಆಮೇಲೆ ಸುಣ್ಣದ ಹರಳಿನ ಮೇಲೆ ಹಾಯ್ದು ನಿಂತಿತು.

ಜನ ಓಡಿ ಬಂದರು. ಬಂದವರು ಮೊದಲು ಏನು ಮಾಡಿದರು ಗೊತ್ತೇ? ಕುದುರೆಯನ್ನು ಹಿಡಿದುಕೊಂಡರು. ಅದು ಬೆದರಿತ್ತು, ಪಾಪ.

ವರ್ತಕ ಇಳಿದು ಬಂದು ಮೊದಲು ಗಾಲಿ ನೋಡಿದ. ಆಮೇಲೆ ಅವಳನ್ನು ನೋಡಿ ಕೂಗಿದ: "ಕಣ್ಣು ಕಾಣ್ಸಲ್ವಾ ನಿಂಗೆ? ಬಂಡಿಗೆ ಅಡ್ಡ ಬಂದು ಸಾಯ್ತೀಯಲ್ಲ!"

ಅಷ್ಟೇ ಸಾಕಾಯಿತು. ಪಕ್ಕದಲ್ಲಿದ್ದವನು ಅವನ ಪಕ್ಕದವನಿಗೆ ಅಂದ, "ಪಾಪ, ಅಡ್ಡ ಬಂದ್‌ಬಿಟ್ಲು." ಅವನು ಇನ್ನೊಬ್ಬನಿಗೆ ಅಂದ. ಅಲ್ಲಿದ್ದ ಒಬ್ಬನೂ ಆದದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಆದರೆ ಅವಳ ಕಾಲಿಗೆ ಬಟ್ಟೆ ಸುತ್ತುವ ಮೊದಲೇ ಬೀದಿಯ ಕೊನೆಯವರೆಗೂ ತೀರ್ಪು ಹೋಗಿಬಿಟ್ಟಿತ್ತು.

ಸುಣ್ಣ ಕುದುರೆಯ ಗೊರಸಿಗೆ ಹತ್ತೀತು ಎಂದು ವರ್ತಕನಿಗೆ ಗಾಬರಿ. ಆಳುಗಳನ್ನು ಕರೆದು ನೀರು ತರಿಸಿ ಬೀದಿಗೆ ಹುಯ್ಯಿಸಿದ. ಅವಳು ಬಿದ್ದಲ್ಲಿಂದಲೇ ಕೂಗಿದಳು: "ನೀರು ಹುಯ್ಯಬ್ಯಾಡ್ರಪ್ಪೋ, ಸುಟ್ಟ ಸುಣ್ಣ ಅದು, ಬ್ಯಾಡ್ರೋ!" ನೋವಿಗೆ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡು ಅವರು ಇನ್ನೆರಡು ಕೊಡ ಹುಯ್ದರು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅದು ಕುದಿಯುತ್ತದೆ. ಅವಳ ಕೈಯೂ ಬೆಂದಿತು.

ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು.

ಮೂಳೆ ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೂರು ತಿಂಗಳು ಅವಳು ಚಾಪೆ ಹಿಡಿದಳು. ದಬ್ಬೆ ಬಿಚ್ಚಿದಾಗ ಒಂದು ಕಾಲು ಗಿಡ್ಡವಾಗಿತ್ತು. ಕೋಲು ಹಿಡಿದು ನಿಲ್ಲಬಹುದು, ಬುಟ್ಟಿ ಹೊತ್ತು ನಡೆಯುವ ಹಾಗಿಲ್ಲ. ನಿಂತಲ್ಲಿಗೆ ಬಂದು ಸುಣ್ಣ ಕೊಳ್ಳುವವರು ಯಾರಿದ್ದಾರೆ? ಹೆಣ್ಣುಮಕ್ಕಳು ಅವರಿವರ ಮನೆಯ ಅಂಗಳ ಗುಡಿಸಿ ತಂದ ಹಿಟ್ಟಿನಲ್ಲಿ ನಾಲ್ಕು ಹೊಟ್ಟೆ ತುಂಬಬೇಕಿತ್ತು, ತುಂಬುತ್ತಿರಲಿಲ್ಲ.

ವರ್ತಕ ಒಂದು ಚೀಲ ರಾಗಿಯನ್ನೂ ಒಂದು ಹಳೆಯ ಸೀರೆಯನ್ನೂ ಆಳಿನ ಕೈಯಲ್ಲಿ ಕಳಿಸಿದ. ಆಳು ಹೊಸ್ತಿಲಲ್ಲಿ ನಿಂತು, "ಯಜಮಾನ್ರು ಧರ್ಮಕ್ಕೆ ಕೊಟ್ಟಿದ್ದಾರೆ, ತಗೊಳ್ಳಮ್ಮ" ಅಂದ.

"ಧರ್ಮಕ್ಕೆ ಬ್ಯಾಡ" ಅಂದಳು ಅವಳು. "ನನ್ನ ಕಾಲಿಗೆ ಬದ್ಲು ಏನು ಕೊಡ್ತಾರೆ ಅಂತ ಕೇಳ್ಕೊಂಡು ಬಾ."

ಒಳಗೆ ಮಕ್ಕಳು ಹಸಿದಿದ್ದವು. ಆದರೂ ಚೀಲ ವಾಪಸು ಹೋಯಿತು. ಇದನ್ನು ಕೇಳಿದ ಪೇಟೆಯವರಿಗೆ ಅವಳ ಮೇಲೆ ಬಹಳ ಕೋಪ ಬಂತು. ಬಂಡಿ ಹಾಯ್ದಾಗ ಬಾರದ ಕೋಪ ಆಗ ಬಂತು. ಇಲ್ಲದವಳಿಗೆ ಇಷ್ಟು ಸೊಕ್ಕೇ ಎಂದರು.

ಅವಳು ಕೋಲೂರಿಕೊಂಡು ಹೊಂಗೆಮರದ ಕೆಳಗೆ ಬಂದಳು. ಬರಹಗಾರನಿಗೆ ಕನಿಕರವಾಯಿತು. ಕೂರಲು ಚಾಪೆ ಕೊಟ್ಟ. ನಿನ್ನಿಂದ ಏನೂ ಬೇಡ, ನಾನು ಬರೆದುಕೊಡುತ್ತೇನೆ ಎಂದ. ಒಳ್ಳೆಯ ಕಾಗದ ತೆಗೆದು, ಹೊಸ ಮಸಿ ಕಲಸಿ, ಒಂದೇ ಉಸಿರಿನಲ್ಲಿ ಬರೆದ. ಅವನು ಬರೆದ ಚೆಂದದ ಅರ್ಜಿಗಳಲ್ಲಿ ಅದೂ ಒಂದು.

"ಏನಂತ ಬರ್ದ್ರಿ ಸ್ವಾಮಿ?" ಎಂದು ಅವಳು ಕೇಳಿದಳು.

"ಎಲ್ಲಾ ಬರ್ದೀನಮ್ಮ. ಹೆಬ್ಬೆಟ್ಟು ಒತ್ತು."

ಅವಳು ಒತ್ತಿದಳು. ಸುಣ್ಣದಲ್ಲಿ ಸವೆದ ಬೆರಳು, ಗೆರೆಗಳೇ ಉಳಿದಿರಲಿಲ್ಲ. ಎರಡು ಸಲ ಒತ್ತಿಸಿದರೂ ಕಾಗದದ ಮೇಲೆ ಒಂದು ಕಪ್ಪು ಚುಕ್ಕೆ ಮಾತ್ರ ಮೂಡಿತು. ಇರಲಿ ಬಿಡು ಎಂದು ಬರಹಗಾರ ಮಸಿ ಆರಿಸಿದ.

ನ್ಯಾಯಸ್ಥಾನ ಕೂತಿತು. ವರ್ತಕ ಶಲ್ಯ ಹೊದ್ದು ಬಂದಿದ್ದ. ಅಧಿಕಾರಿ ಅರ್ಜಿ ತೆಗೆದು ಗಟ್ಟಿಯಾಗಿ ಓದಿದ: "ಬಂಡಿಗೆ ಅಡ್ಡ ಬಂದ ಕಾರಣ ಪೆಟ್ಟಾಗಿ ಕಾಲು ಕಳೆದುಕೊಂಡ ಬಡ ಹೆಂಗಸಿನ ಅರಿಕೆ."

ಓದಿ ತಲೆ ಎತ್ತಿದ. "ಅಡ್ಡ ಬಂದೆ ಎಂದು ನೀನೇ ಹೇಳಿದ ಮೇಲೆ ನಾನು ಇನ್ನೇನು ವಿಚಾರಿಸಲಿ?"

ವರ್ತಕ ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಅರ್ಜಿ ವಜಾ ಆಯಿತು. ಒಂದು ವೀಳ್ಯ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಸುಣ್ಣ ಮಾರುವವಳು ಅಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಬರಹಗಾರನ ಹತ್ತಿರ ಬಂದು, "ಸ್ವಾಮಿ, ಅವತ್ತು ನೀವೂ ಅಲ್ಲಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ."

"ಮತ್ತೆ ನಾನು ಅಡ್ಡ ಬಂದಿದ್ದು ನಿಮ್ಗೆ ಹೆಂಗೆ ಗೊತ್ತಾತು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಕೋಲು ಊರುತ್ತಾ ಮೆಟ್ಟಿಲು ಇಳಿದಳು. ಆ ಕಾಲು ಎರಡನೆಯ ಸಲ ಮುರಿದದ್ದು ಹೀಗೆ. ಮೊದಲನೆಯ ಸಲ ಗಾಲಿ ಮುರಿಯಿತು, ಎರಡನೆಯ ಸಲ ಲೇಖನಿ ಮುರಿಯಿತು. ಗಾಲಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಲೇಖನಿ ಹಿಡಿದವನಿಗೂ ಗೊತ್ತಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು.

ಬರಹಗಾರ ಮನೆಗೆ ಹೋಗಿ ಅಟ್ಟದ ಮೇಲಿದ್ದ ಕಾಗದದ ಕಟ್ಟು ಇಳಿಸಿದ. ತಂದೆ ಬರೆದವು, ತಾನು ಬರೆದವು, ಎಲ್ಲ ಅರ್ಜಿಗಳ ನಕಲುಗಳು. ಬಂಡಿ ಹಾಯ್ದ ಪ್ರಕರಣಗಳನ್ನು ಬೇರೆ ಮಾಡಿ ಓದಲು ಕೂತ. ಅವುಗಳಲ್ಲಿ ಹೆಚ್ಚಿನವು ಬಂಡಿಯವರೇ ಬರೆಸಿದ್ದವು. ಪೆಟ್ಟು ತಿಂದವರಿಗೆ ಮರದ ಕೆಳಗೆ ಬರುವುದಕ್ಕೆ ಕಾಲೇ ಇರುತ್ತಿರಲಿಲ್ಲ. ಬಂಡಿಯವರ ಬಾಯಲ್ಲಿ ಹುಟ್ಟಿದ ಸಾಲು ತಂದೆಯ ಕೈಗೆ ಬಂದು, ತಂದೆಯ ಕೈಯಿಂದ ಮಗನ ಕೈಗೆ ಬಂದು, ಎಲ್ಲರ ಸಾಲಾಗಿ ಕೂತಿತ್ತು.

ಒಬ್ಬ ಕೂಲಿಯವನು ಅಂಗಡಿಯ ಜಗಲಿಯ ಮೇಲೆ ಮಲಗಿದ್ದ. ಬಂಡಿ ಜಗಲಿ ಹತ್ತಿ ಅವನನ್ನು ಕೊಂದಿತ್ತು. ಕಾಗದದಲ್ಲಿ 'ಅಡ್ಡ ಬಂದ ಕಾರಣ' ಎಂದಿತ್ತು. ಒಬ್ಬ ಕುರುಡ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ. ಅವನೂ ಅಡ್ಡ ಬಂದಿದ್ದ. ಒಬ್ಬಳು ಬಾಣಂತಿ ತನ್ನ ಮನೆಯ ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದಳು. ಅವಳೂ ಅಡ್ಡ ಬಂದಿದ್ದಳು. ಮೂರೂ ಬರಹಗಾರನದೇ ಅಕ್ಷರ, ಮುತ್ತಿನಂಥ ಅಕ್ಷರ.

ಅವನಿಗೆ ಮೈ ಉರಿದುಹೋಯಿತು. ಮೊದಲು ಅಧಿಕಾರಿಯ ಮೇಲೆ, ಆಮೇಲೆ ವರ್ತಕನ ಮೇಲೆ, ಆಮೇಲೆ ಸತ್ತ ತಂದೆಯ ಮೇಲೆ. ಕೊನೆಗೆ ಸಿಟ್ಟು ಬೇರೆಲ್ಲೂ ಜಾಗ ಸಿಗದೆ ಅವನ ಕೈಯ ಮೇಲೇ ಬಂದು ಕೂತಿತು. ಆ ದಿನ ಅವನು ಆ ಕೈಯಿಂದ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮರದ ಕೆಳಗೆ ಕೂರಲಿಲ್ಲ. ಅಪ್ಪನ ಕಾಲದಿಂದ ಮೊದಲ ಸಲ, ಬರೆಯುವವನು ಬರೆದದ್ದನ್ನು ನೋಡಲು ಹೋದ.

ದರ್ಜಿಯ ಅಂಗಡಿಗೆ ಹೋಗಿ, ಅವತ್ತು ಏನಾಯಿತು ಎಂದು ಕೇಳಿದ.

"ಅಡ್ಡ ಬಂದ್ಲು ಅಂತ ಎಲ್ರೂ ಅಂದ್ರು" ಎಂದ ದರ್ಜಿ.

"ನೀನು ನೋಡ್ದೆಯಾ?"

"ನಾನೆಲ್ಲಿ ನೋಡ್ಲಿ? ಸೂಜಿಗೆ ದಾರ ಪೋಣಿಸ್ತಿದ್ದೆ. ಬಂಡಿ ಸದ್ದಾಯ್ತು ಅಂತ ತಲೆ ಎತ್ತಿದೆ. ಯಜಮಾನ್ರು ನನ್ನ ನೋಡಿ ನಕ್ರು, ಕುದ್ರೆ ಹೆಂಗೈತೆ ಅಂತ ಕೈಯಾಡಿಸಿ ಕೇಳಿದ್ರು. ಚೆನ್ನಾಗೈತೆ ಅಂತ ತಲೆ ಆಡಿಸ್ದೆ. ಮತ್ತೆ ಸೂಜಿ ನೋಡೋಷ್ಟರಲ್ಲಿ ಕೂಗು ಕೇಳ್ತು."

"ಆಗ ಬಂಡಿ ನಿನ್ನ ಅಂಗಡಿ ದಾಟಿತ್ತೋ, ಇನ್ನೂ ದಾಟಿರಲಿಲ್ವೋ?"

"ದಾಟಿತ್ತು. ತಿರುಗಿಕೊಂಡು ಆಚೆಗೆ ಹೋಗ್ತಿತ್ತು."

"ಆಚೆಗೆ ಹೋಗ್ತಿದ್ದೋರ ಮುಖ ನಿಂಗೆ ಹೆಂಗೆ ಕಾಣಿಸ್ತು?"

ದರ್ಜಿಯ ಕೈಯಲ್ಲಿದ್ದ ಬಟ್ಟೆ ಜಾರಿತು. ನಾಲ್ಕು ತಿಂಗಳಿಂದ ಅವನು ಆ ನಗುವನ್ನು ತಲೆಯಲ್ಲಿ ಇಟ್ಟುಕೊಂಡೇ ಇದ್ದ. ವರ್ತಕ ಹಿಂದಕ್ಕೆ ನೋಡುತ್ತಿದ್ದ ಎಂದು ಅವನಿಗೆ ಹೊಳೆದಿರಲಿಲ್ಲ. ಅಡ್ಡ ಬಂದಳು ಎಂಬ ಮಾತು ಅವನ ಕಣ್ಣಿಗೂ ಅಡ್ಡ ಬಂದಿತ್ತು.

ಬರಹಗಾರ ಅಲ್ಲಿಂದ ಗೋಡೆಯ ಬಳಿ ಬಂದ. ಒಂದು ಮಳೆಗಾಲ ಕಳೆದಿತ್ತು. ಆದರೂ ಚಪ್ಪಡಿಯ ಮೇಲೆ ಒಂದು ಬಿಳಿ ಪಟ್ಟೆ ಹಾಗೇ ಇತ್ತು. ಸುಣ್ಣವನ್ನು ಅರೆದು ಹಾಯ್ದ ಗಾಲಿಯ ಗುರುತು. ಅವನು ಬಗ್ಗಿ ಗೋಡೆಯಿಂದ ಪಟ್ಟೆಯವರೆಗೆ ಕೈ ಚಾಚಿ ಅಳೆದ. ಒಂದು ಗೇಣು. ಇನ್ನೊಮ್ಮೆ ಅಳೆದ. ಒಂದೇ ಗೇಣು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಆ ಗೇಣನ್ನು ನೋಡಿದ.

ಆಮೇಲೆ ಸುಣ್ಣ ಮಾರುವವಳ ಮನೆಗೆ ಹೋದ. ಅವಳು ಬಾ ಎನ್ನಲಿಲ್ಲ. ಅವನು ಹೊಸ್ತಿಲ ಹೊರಗೇ ಕೂತು ಕಾಗದ ತೆಗೆದ.

"ಇನ್ನೊಂದು ಅರ್ಜಿ ಬರೀತೀನಿ. ನಿನ್ನ ಹೆಸರು ಹೇಳಮ್ಮ."

ಅವಳು ಅವನನ್ನೇ ನೋಡಿದಳು. ಬಂಡಿ ಹಾಯ್ದ ಮೇಲೆ ಅವಳ ಹೆಸರು ಕೇಳಿದವನು ಅವನೇ ಮೊದಲು. ವರ್ತಕ ಕೇಳಿರಲಿಲ್ಲ, ಜನ ಕೇಳಿರಲಿಲ್ಲ, ಅಧಿಕಾರಿ ಕೇಳಿರಲಿಲ್ಲ. ಮೊದಲ ಅರ್ಜಿ ಬರೆಯುವಾಗ ಅವನೂ ಕೇಳಿರಲಿಲ್ಲ.

"ತಿಪ್ಪೀರಮ್ಮ" ಅಂದಳು.

ಅವನು ಬರೆದ: 'ತಿಪ್ಪೀರಮ್ಮ ಎಂಬ ನಾನು ಗೋಡೆಯ ಪಕ್ಕದಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಬಂದ ಬಂಡಿ ನನ್ನ ದಾರಿಗೆ ಅಡ್ಡ ಬಂತು.' ಒಂದೊಂದು ಮಾತನ್ನೂ ಅವಳಿಗೆ ಓದಿ ಹೇಳಿದ. ಒಂದು ಕಡೆ ಅವಳು ತಡೆದಳು. 'ಬಡ ಹೆಂಗಸು' ಎಂಬುದನ್ನು ಹೊಡೆದುಹಾಕಿಸಿದಳು. ಬಡತನಕ್ಕೆ ಅಲ್ಲ, ಕಾಲಿಗೆ ಕೇಳ್ತಿರೋದು ಎಂದಳು.

ಅಧಿಕಾರಿ ಅರ್ಜಿ ನೋಡಿದ ಕೂಡಲೇ ಪಕ್ಕಕ್ಕೆ ಸರಿಸಿದ. "ಒಮ್ಮೆ ವಜಾ ಮಾಡಿದ್ದನ್ನು ಮತ್ತೆ ವಿಚಾರಿಸುವ ಹಾಗಿಲ್ಲ."

ಬರಹಗಾರ ಕೈಕಟ್ಟಿ ನಿಂತಿದ್ದ. "ತಾವು ವಜಾ ಮಾಡಿದ್ದು ಅಡ್ಡ ಬಂದವಳ ಅರ್ಜಿಯನ್ನು. ಅಂಥವಳು ಈ ಪೇಟೆಯಲ್ಲಿ ಇಲ್ಲ ಸ್ವಾಮಿ, ನಾನು ಹುಟ್ಟಿಸಿದವಳು. ಆ ಕಾಗದ ತೆಗೆದು ನೋಡಿ. ಇವಳ ಹೆಸರಿಲ್ಲ. ಹೆಬ್ಬೆಟ್ಟಿನ ಗೆರೆಯೂ ಇಲ್ಲ, ಬರೀ ಮಸಿ. ಅದು ಇವಳದು ಎಂದು ಯಾರಾದರೂ ಹೇಳುವುದಾದರೆ ಹೇಳಲಿ. ತಿಪ್ಪೀರಮ್ಮ ಈ ನ್ಯಾಯಸ್ಥಾನಕ್ಕೆ ಇವತ್ತೇ ಮೊದಲು ಬರುತ್ತಿದ್ದಾಳೆ."

ಅಧಿಕಾರಿ ಹಳೆಯ ಕಾಗದ ತರಿಸಿ ನೋಡಿದ. ಹೆಸರಿರಲಿಲ್ಲ. ಅವನಿಗೆ ಸಿಟ್ಟು ಬಂತು. ಆದರೆ ತಾನು ಹೆಸರಿಲ್ಲದ ಅರ್ಜಿಗೆ ತೀರ್ಪು ಕೊಟ್ಟೆ ಎಂದು ಹತ್ತು ಜನರೆದುರು ಹೇಳಿಕೊಳ್ಳುವುದಕ್ಕಿಂತ ಗೋಡೆ ನೋಡಿ ಬರುವುದು ಸುಲಭವಾಗಿತ್ತು. ಎದ್ದ.

ಎಲ್ಲರೂ ಬೀದಿಗೆ ಬಂದರು. ದರ್ಜಿ ಕಂಡದ್ದನ್ನು ಹೇಳಿದ, ವರ್ತಕನ ಮುಖ ನೋಡದೆ ಹೇಳಿದ. ಬರಹಗಾರ ಬಿಳಿ ಪಟ್ಟೆಯ ಮೇಲೆ ಕೈ ಇಟ್ಟು ತೋರಿಸಿದ. "ಇದು ಗೋಡೆ, ಇದು ಗಾಲಿ. ನಡುವೆ ಒಂದು ಗೇಣು. ಇವಳು ಅಡ್ಡ ಬಂದಳು ಎನ್ನುತ್ತಾರೆ. ಎಲ್ಲಿಂದ ಬಂದಳು ಸ್ವಾಮಿ? ಗೋಡೆಯೊಳಗಿಂದಲೇ?"

ಯಾರೂ ನಗಲಿಲ್ಲ.

ವರ್ತಕ ಮುಂದೆ ಬಂದ. "ಯಾರೋ ಯಾವತ್ತೋ ಚೆಲ್ಲಿದ ಸುಣ್ಣ ಇದು. ಅವತ್ತಿನದು ನಾನು ನಿಂತು ತೊಳೆಸಿದೀನಿ."

ಆಗ ತಿಪ್ಪೀರಮ್ಮ ಬಾಯಿ ತೆರೆದಳು. "ತೊಳೆಸಿದ್ರಿ. ಅದಕ್ಕೇ ಉಳೀತು. ನೀರು ಹಾಕ್ದೇ ಇದ್ದಿದ್ರೆ ಗಾಳಿಗೆ ಹಾರ್ಕೊಂಡು ಹೋಗ್ತಿತ್ತು. ಸುಟ್ಟ ಸುಣ್ಣಕ್ಕೆ ನೀರು ಹುಯ್ದ್ರೆ ಅದು ಕಲ್ಲಿಗೆ ಕಚ್ತೈತೆ. ಬ್ಯಾಡ ಬ್ಯಾಡ ಅಂತ ಬಿದ್ದಲ್ಲಿಂದ ಬಾಯಿ ಬಡ್ಕೊಂಡೆ. ನನ್ನ ಮಾತು ಯಾರು ಕೇಳಿದ್ರಿ?" ಬೆಂದು ಕಲೆಯಾಗಿದ್ದ ಕೈಯನ್ನು ಎತ್ತಿ ತೋರಿಸಿದಳು. "ಇದೂ ಅವತ್ತಿನದೇ. ಇದನ್ನೂ ತೊಳೆಸ್ತೀರಾ?"

ನೀರು ಹುಯ್ದಿದ್ದ ಆಳುಗಳು ಅಲ್ಲೇ ಇದ್ದರು. ಅವರು ತಲೆ ತಗ್ಗಿಸಿದರು. ಅಧಿಕಾರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ನಿನಗೆ ಏನು ಬೇಕು?" ಎಂದು ಕೇಳಿದ.

"ನನ್ನ ಕಾಲು ಬೇಕು" ಅಂದಳು. "ಅದು ಆಗಾಕಿಲ್ಲ ಅಂದ್ರೆ, ಆ ಕಾಲು ನನ್ನ ಮನೆಗೆ ಏನೇನು ಮಾಡ್ತಿತ್ತೋ ಅದೆಲ್ಲಾ ಅವ್ರು ಮಾಡ್ಕೊಡ್ಲಿ."

ಹೊಸ ಕುದುರೆ, ಬಂಡಿ ಎರಡೂ ಅವಳಿಗೆ ಸೇರತಕ್ಕದ್ದು, ಅವಳು ಬದುಕಿರುವ ತನಕ ಕುದುರೆಗೆ ಹುಲ್ಲು ಹುರುಳಿ, ಆ ಮನೆಗೆ ದವಸ ವರ್ತಕನ ಉಗ್ರಾಣದಿಂದ ಹೋಗತಕ್ಕದ್ದು ಎಂದು ಅಧಿಕಾರಿ ತೀರ್ಪು ಕೊಟ್ಟ. ವರ್ತಕ ಶಲ್ಯ ಕೊಡವಿಕೊಂಡ. "ಆಗಲಿ, ಧರ್ಮಕ್ಕೆ ಕೊಟ್ಟೆ ಅಂದ್ಕೊತೀನಿ" ಅಂದ.

"ಧರ್ಮಕ್ಕೆ ಬ್ಯಾಡ ಅಂತ ಅವತ್ತೇ ಹೇಳಿದೀನಿ" ಎಂದಳು ತಿಪ್ಪೀರಮ್ಮ. "ಪರಿಹಾರ ಅಂತ ಬರೀರಿ. ಬರೆದು, ನಂಗೆ ಓದಿ ಹೇಳ್ರಿ."

ಹಾಗೇ ಬರೆದರು. ಓದಿ ಹೇಳಿದರು. ಅವಳು ಎರಡು ಸಲ ಓದಿಸಿಕೊಂಡಳು.

ಅವಳ ಕಾಲೇನೂ ಉದ್ದವಾಗಲಿಲ್ಲ. ಅದನ್ನೂ ಹೇಳಬೇಕು. ಗೆದ್ದು ಮನೆಗೆ ಹೋದವಳೂ ಕುಂಟುತ್ತಲೇ ಹೋದಳು.

ಜನ ಬರಹಗಾರನ ಬೆನ್ನು ತಟ್ಟಿದರು. ಅವನಿಗೆ ಸಂತೋಷವಾಗಲಿಲ್ಲ. ಅಟ್ಟದಿಂದ ಇಳಿಸಿದ ಕಟ್ಟು ಮನೆಯಲ್ಲಿ ಹಾಗೇ ಬಿದ್ದಿತ್ತು. ಒಂದೊಂದೇ ಕಾಗದ ಹಿಡಿದು ಅವನು ಮನೆಮನೆಗೆ ಹೋಗತೊಡಗಿದ. ಹೆಸರು ಕೇಳಿದ, ನಡೆದದ್ದು ಕೇಳಿದ, ಜಾಗ ನೋಡಿದ, ಹೊಸದಾಗಿ ಬರೆದ. ಕೆಲವರಿಗೆ ಪರಿಹಾರ ಸಿಕ್ಕಿತು. ಕೆಲವರು ಅಷ್ಟರಲ್ಲಿ ಸತ್ತಿದ್ದರು. ಗುಡಿಯ ಮೆಟ್ಟಿಲ ಕುರುಡ ಯಾವ ಊರಿಗೆ ಹೋದನೋ ತಿಳಿಯಲಿಲ್ಲ.

ಜಗಲಿಯ ಮೇಲೆ ಮಲಗಿದ್ದ ಕೂಲಿಯವನ ಮನೆಯವರನ್ನು ಹುಡುಕಿಕೊಂಡು ಅವನು ಆ ಬೀದಿಗೆ ಹೋದ. ಅಂಗಡಿಯವನನ್ನು ಕೇಳಿದ. ಅಂಗಡಿಯವನು ನೆನಪು ಮಾಡಿಕೊಳ್ಳುತ್ತಾ ಹಣೆ ಉಜ್ಜಿದ. ಆಮೇಲೆ ಅಂದ: "ಯಾರು, ಆ ಅಡ್ಡ ಬಂದು ಸತ್ತನಲ್ಲ, ಅವನಾ?"

ಆ ಪೇಟೆಯಲ್ಲಿ ಅವನಿಗೆ ಉಳಿದಿದ್ದ ಹೆಸರು ಅದೊಂದೇ. ಅದನ್ನು ಇಟ್ಟವನು ಬರಹಗಾರ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಶಿಷ್ಯ ಕೈಮುಗಿದ. "ಕತೆ ದೊಡ್ಡದು, ಗುರುಗಳೇ. ಆ ಹೆಂಗಸಿಗೆ ಅನ್ಯಾಯವಾಗಿತ್ತು, ಒಪ್ಪುತ್ತೇನೆ. ಆದ್ರೆ ನಿಜವಾಗ್ಲೂ ಅಡ್ಡ ಬರೋರು ಇರ್ತಾರೆ. ನಾನೇ ಕಂಡಿದ್ದೀನಿ. ಇವತ್ತು ಬೆಳಿಗ್ಗೆ ಹಾಲಿನ ಡೇರಿ ಹತ್ರ ಒಬ್ಬ ಮುದುಕ..."

ಮಾತು ಅಲ್ಲಿಗೆ ನಿಂತಿತು. ಗುರುಗಳು ಹುಣಸೆಮರದ ಆಚೆ, ಗೋಡೆಗೆ ಮೂತಿ ಮಾಡಿ ನಿಂತಿದ್ದ ಕಾರನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

"ಅವನ ಹೆಸರೇನು?"